ಕಣಿವೆ ದಾಟುವ ಹೈಸ್ಪೀಡ್ ರೈಲು ಸೇತುವೆ: ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ಪುಣೆಯಲ್ಲಿ ಸೇತುವೆಗಳ ವಿನ್ಯಾಸದ ಕೆಲಸ ಮಾಡುತ್ತೇನೆ. ಊರು ಧಾರವಾಡದ ಕಡೆ. ಡೊಂಬಿವಲಿಯ ಮದುವೆಮನೆ ಇರಲಿ, ಪಿಂಪ್ರಿಯ ರಾಜ್ಯೋತ್ಸವ ಇರಲಿ, ನನ್ನ ಕೆಲಸ ಏನೆಂದು ಗೊತ್ತಾದರೆ ಸಾಕು, ಯಾರಾದರೂ ಬುಲೆಟ್ ರೈಲಿನ ಮಾತು ತೆಗೆಯುತ್ತಾರೆ. ಓದುವ ಹುಡುಗರು ಪತ್ರ ಬರೆಯುತ್ತಾರೆ. ಮುಂಬೈ–ಪುಣೆ–ಹೈದರಾಬಾದ್ ಹೈಸ್ಪೀಡ್ ಮಾರ್ಗದ ಪ್ರಸ್ತಾವ ಸುದ್ದಿಗೆ ಬಂದ ಮೇಲಂತೂ ಎಲ್ಲರ ಕಣ್ಣು ಖಂಡಾಲಾ ಘಾಟಿನ ಮೇಲೆ. ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಸುಲಭದವು ಮೊದಲು, ಲೆಕ್ಕದವು ಆಮೇಲೆ.

## ಮೊದಲ ಪ್ರಶ್ನೆಗಳು

"ಸೇತುವೆ ಅಂದ್ರೆ ಸೇತುವೆನೇ ಅಲ್ವಾ? ಹೈಸ್ಪೀಡ್ ಅಂದ ಕೂಡಲೇ ಏನು ಬದಲಾಗುತ್ತೆ?"

ಸಾಮಾನ್ಯ ಸೇತುವೆಗೆ ನಾವು ಮೊದಲು ಕೇಳುವುದು, ಭಾರ ತಡೆಯುತ್ತದೆಯೇ ಅಂತ. ಹೈಸ್ಪೀಡ್ ಸೇತುವೆಗೆ ಅಷ್ಟು ಸಾಲದು. ಅದು ಅಲುಗಾಡದೆ ಇರಬೇಕು. ಹೈಸ್ಪೀಡ್ ರೈಲು ಕಲ್ಲಿದ್ದಲು ತುಂಬಿದ ಗೂಡ್ಸ್ ರೈಲಿಗಿಂತ ತುಂಬಾ ಹಗುರ. ಹೀಗಾಗಿ ಬಲದ ಲೆಕ್ಕ ಬೇಗ ಮುಗಿಯುತ್ತದೆ. ಆದರೆ ಗಂಟೆಗೆ 320 ಕಿ.ಮೀ. ವೇಗದಲ್ಲಿ ಹಳಿ ಕೆಲವೇ ಮಿಲಿಮೀಟರ್ ಬಾಗಿದರೂ ಒಳಗೆ ಕೂತವರಿಗೆ ಗೊತ್ತಾಗುತ್ತದೆ, ಗಾಲಿ ಮತ್ತು ಹಳಿಯ ಹಿಡಿತ ಏರುಪೇರಾಗುತ್ತದೆ. ಅದಕ್ಕೇ ಹೈಸ್ಪೀಡ್ ಗರ್ಡರ್, ಅಂದರೆ ಕಂಬದಿಂದ ಕಂಬಕ್ಕೆ ಹಾಯ್ದು ಹಳಿ ಹೊರುವ ತೊಲೆ, ನೋಡಲು ದಪ್ಪ, ಆಳ. ಭಾರಕ್ಕೆ ಬೇಕಾದದ್ದಕ್ಕಿಂತ ಜಾಸ್ತಿ ಕಾಂಕ್ರೀಟ್ ಅಲ್ಲಿರುತ್ತದೆ. ಆ ಹೆಚ್ಚಿನದ್ದು ಪೂರಾ ಬಿಗಿತಕ್ಕಾಗಿ.

"ಮುಂಬೈ–ಪುಣೆ ಹಳಿ ಇದೆಯಲ್ಲ ಸರ್, ಅದರ ಮೇಲೇ ಬುಲೆಟ್ ರೈಲು ಓಡಿಸಬಾರದಾ?"

ಆಗುವುದಿಲ್ಲ. ಭೋರ್ ಘಾಟಿನ, ಅಂದರೆ ಇದೇ ಖಂಡಾಲಾ ಘಾಟಿನ ಹಳಿ ಶುರುವಾದದ್ದು 1863ರಲ್ಲಿ. ಗುಡ್ಡದ ಮೈಗೆ ಅಂಟಿಕೊಂಡು, ಸುತ್ತಿ ಬಳಸಿ ಹತ್ತುತ್ತದೆ. 37 ಅಡಿ ಮುಂದೆ ಹೋದರೆ ಒಂದು ಅಡಿ ಮೇಲೆ. ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರಿಗೆ ಹೋಗುವವರು ಕರ್ಜತ್‌ನಲ್ಲಿ ವಡಾಪಾವ್ ತಿನ್ನುತ್ತಾ ನೋಡಿರುತ್ತೀರಿ, ಆ ನಿಲ್ದಾಣದಲ್ಲಿ ರೈಲುಗಳ ಹಿಂದೆ ನೂಕುವ ಎಂಜಿನ್ ಜೋಡಿಸುತ್ತಾರೆ. ಹಳಿಯ ಅಗಲವೂ ಬೇರೆ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ., ಮುಂಬೈ–ಅಹಮದಾಬಾದ್ ಹೈಸ್ಪೀಡ್ ಮಾರ್ಗ 1435 ಮಿ.ಮೀ.

ಇಲ್ಲಿ ಒಂದು ಮಾತು ಕೇಳಿದವರಿಗೆ ಆಶ್ಚರ್ಯವಾಗುತ್ತದೆ. ಹೈಸ್ಪೀಡ್ ರೈಲಿಗೆ ಏರು ದೊಡ್ಡ ತೊಂದರೆಯಲ್ಲ. ಜರ್ಮನಿಯ ಕಲೋನ್–ಫ್ರಾಂಕ್‌ಫರ್ಟ್ ಮಾರ್ಗದಲ್ಲಿ 25 ಅಡಿಗೆ ಒಂದು ಅಡಿ ಏರು ಇದೆ, ರೈಲು ಗಂಟೆಗೆ 300 ಕಿ.ಮೀ. ಓಡುತ್ತದೆ. ತೊಂದರೆ ಇರುವುದು ತಿರುವಿನಲ್ಲಿ. ಆ ವೇಗಕ್ಕೆ ತಿರುವಿನ ತ್ರಿಜ್ಯ ನಾಲ್ಕರಿಂದ ಏಳು ಕಿಲೋಮೀಟರ್ ಬೇಕು. ಅಷ್ಟು ದೊಡ್ಡ ತಿರುವು ಗುಡ್ಡದ ಮೈ ಬಳಸಿ ಹೋಗಲಾರದು. ಗುಡ್ಡ ಬಂದರೆ ಸುರಂಗ, ಕಣಿವೆ ಬಂದರೆ ಸೇತುವೆ.

"ಅಹಮದಾಬಾದ್ ಮಾರ್ಗದಲ್ಲೂ ಕಂಬಗಳ ಮೇಲೇ ಹೋಗುತ್ತಲ್ಲ, ಅದೂ ಕಣಿವೆ ಸೇತುವೆಯೇ?"

ಅಲ್ಲ. 508 ಕಿ.ಮೀ.ಯಲ್ಲಿ ಸುಮಾರು 460 ಕಿ.ಮೀ. ಕಂಬಗಳ ಮೇಲೆ ಇರುವುದು ನಿಜ. ಆದರೆ ಬಹುತೇಕ ಸಮತಟ್ಟು ನೆಲ. ಹೊಲ, ರಸ್ತೆ, ನೀರಿನ ಹರಿವು ತುಂಡಾಗಬಾರದು ಅಂತ ಮೇಲೆತ್ತಿದ್ದಾರೆ. ಕಂಬ ಗಿಡ್ಡ, ಒಂದೇ ನಮೂನೆ. ಕಣಿವೆಯಲ್ಲಿ ಪ್ರತಿ ಕಂಬದ ಎತ್ತರವೂ ಬೇರೆ, ಬುನಾದಿಯೂ ಬೇರೆ.

"ಚೆನಾಬ್ ಸೇತುವೆ ಕಟ್ಟಿದ ದೇಶಕ್ಕೆ ಖಂಡಾಲಾ ಏನು ದೊಡ್ಡದು?"

ಚೆನಾಬ್ ಸೇತುವೆ ನನಗೂ ಹೆಮ್ಮೆ. ನದಿಯಿಂದ 359 ಮೀಟರ್ ಎತ್ತರ, 467 ಮೀಟರಿನ ಉಕ್ಕಿನ ಕಮಾನು, 2025ರ ಜೂನ್‌ನಲ್ಲಿ ಉದ್ಘಾಟನೆ. ಅಲ್ಲಿ ವಿನ್ಯಾಸದ ವೇಗ ಗಂಟೆಗೆ 100 ಕಿ.ಮೀ. ವೇಗ ಮೂರು ಪಟ್ಟಾದಾಗ ಲೆಕ್ಕವೇ ಬೇರೆಯಾಗುತ್ತದೆ. ಹಾಗಂತ ಆಗದ ಕೆಲಸವೇನಲ್ಲ. ಚೀನಾದ ಶಾಂಘೈ–ಕುನ್ಮಿಂಗ್ ಹೈಸ್ಪೀಡ್ ಮಾರ್ಗದಲ್ಲಿ ಬೈಪಾನ್ ನದಿಯ ಮೇಲೆ 445 ಮೀಟರಿನ ಕಾಂಕ್ರೀಟ್ ಕಮಾನು ಇದೆ, ನೀರಿನಿಂದ 283 ಮೀಟರ್ ಮೇಲೆ. ಸ್ಪೇನ್‌ನ ಅಲ್ಮೊಂಟೆ ಸೇತುವೆಯ ಕಮಾನು 384 ಮೀಟರ್. ಎರಡೂ 2016ರಲ್ಲಿ ಮುಗಿದವು. ಎರಡೂ ಕಡೆ ಕಾಂಕ್ರೀಟ್ ಕಮಾನನ್ನೇ ಆರಿಸಿದ್ದನ್ನು ಗಮನಿಸಿ. ಅದು ಭಾರಿ ಬಿಗಿ, ಮಣಿಯುವುದು ಕಡಿಮೆ.

## ಜಾಗ ಮತ್ತು ನೆಲ

"ಕಣಿವೆ ಎಲ್ಲಿ ಕಿರಿದಾಗಿದೆಯೋ ಅಲ್ಲೇ ದಾಟಿದ್ರೆ ಖರ್ಚು ಉಳಿಯುತ್ತಲ್ಲ?"

ರಸ್ತೆಗೆ ಈ ಮಾತು ಒಪ್ಪುತ್ತದೆ. ಹೈಸ್ಪೀಡ್ ಮಾರ್ಗದಲ್ಲಿ ಸೇತುವೆ ತನ್ನ ಜಾಗ ತಾನೇ ಆರಿಸಿಕೊಳ್ಳುವಂತಿಲ್ಲ, ಮಾರ್ಗ ಹೇಳಿದ ಕಡೆ ನಿಲ್ಲಬೇಕು. ಕಿರಿದಾದ ಜಾಗ ಒಂದು ಕಿಲೋಮೀಟರ್ ಆಚೆ ಇದ್ದರೆ, ಅಲ್ಲಿಗೆ ಹೊರಳಲು ಎರಡೂ ಕಡೆ ಹತ್ತಾರು ಕಿಲೋಮೀಟರ್ ದೂರದಿಂದಲೇ ಮಾರ್ಗ ಬದಲಿಸಬೇಕಾದೀತು.

ಹಾಗಾಗಿ ಕಣಿವೆ ಸೇತುವೆಯ ಹಣೆಬರಹ ನಕ್ಷೆಯ ಮೇಲೆ ಮೊದಲ ಗೆರೆ ಎಳೆದಾಗಲೇ ಅರ್ಧ ಬರೆದಾಗಿರುತ್ತದೆ. ಮಾರ್ಗವನ್ನು ಹತ್ತು ಮೀಟರ್ ಕೆಳಗಿಳಿಸಿದರೆ ಕಂಬ ಗಿಡ್ಡವಾಗುತ್ತದೆ, ಆದರೆ ಎರಡೂ ಬದಿಯ ಸುರಂಗ ಉದ್ದವಾಗುತ್ತದೆ. ಮೇಲೆತ್ತಿದರೆ ಇದರ ಉಲ್ಟಾ. ಮಾರ್ಗದವರು, ಸುರಂಗದವರು, ಸೇತುವೆಯವರು ಒಂದೇ ಮೇಜಿನ ಸುತ್ತ ಕೂರಬೇಕು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಘಾಟ್ ಕೆಲಸದಲ್ಲಿ ಮೂವರೂ ಬೇರೆ ಬೇರೆ ಕೂತು ಗೆರೆ ಎಳೆದಿದ್ದರು. ಸೇತುವೆಯ ತುದಿ ಬಂದು ನಿಂತದ್ದು ಹಳೆಯ ಭೂಕುಸಿತದ ಮಣ್ಣಿನ ಮೇಲೆ. ಎಂಟು ತಿಂಗಳ ನಕ್ಷೆ ಕೆಲಸ ಹೋಯಿತು. ಇಂದಿಗೂ ಹೊಸ ಕೆಲಸ ಬಂದರೆ ನಾನು ಮೊದಲು ಕೇಳುವುದು ಹಳೆಯ ಕುಸಿತಗಳ ನಕ್ಷೆ.

ಅಳತೆ ಈಗ ಬೇಗ ಆಗುತ್ತದೆ. ಅಹಮದಾಬಾದ್ ಮಾರ್ಗಕ್ಕೆ ವಿಮಾನದಿಂದ ಲೇಸರ್ ಕಿರಣ ಬಿಟ್ಟು ನೆಲ ಅಳೆಯುವ ಲೈಡಾರ್ ಬಳಸಿದರು. 508 ಕಿ.ಮೀ. ಅಳತೆ 12 ವಾರದಲ್ಲಿ ಮುಗಿಯಿತು. ಕಾಲ್ನಡಿಗೆಯಲ್ಲಿ ವರ್ಷವೇ ಹಿಡಿಯುತ್ತಿತ್ತು.

"ಸಹ್ಯಾದ್ರಿ ಪೂರಾ ಕರಿಕಲ್ಲು. ಬುನಾದಿಗೆ ಏನು ಚಿಂತೆ?"

ಬಂಡೆ ಒಂದೇ ಮುದ್ದೆಯಾಗಿದ್ದರೆ ಚಿಂತೆ ಇರುತ್ತಿರಲಿಲ್ಲ. ನಮ್ಮ ಘಾಟ್ ಆದದ್ದು ಲಾವಾ ಪದರದ ಮೇಲೆ ಪದರ ಹರಿದು. ರೊಟ್ಟಿ ಪೇರಿಸಿಟ್ಟ ಹಾಗೆ. ಎರಡು ಪದರಗಳ ನಡುವೆ ಎಷ್ಟೋ ಕಡೆ ಕೆಂಪು ಮಣ್ಣಿನಂಥ ತೆಳು ಪಟ್ಟಿ ಸಿಗುತ್ತದೆ. ನಾವು ಅದನ್ನು ರೆಡ್ ಬೋಲ್ ಅನ್ನುತ್ತೇವೆ. ಒಣಗಿದಾಗ ಗಟ್ಟಿಯಾಗಿ ಕಾಣುತ್ತದೆ, ನೀರು ಕುಡಿದರೆ ಮೆತ್ತಗಾಗಿ ಜಾರುತ್ತದೆ. ಅದರ ಮೇಲೆ ಎಂಥ ಗಟ್ಟಿ ಕರಿಕಲ್ಲು ಕೂತಿದ್ದರೂ ಉಪಯೋಗವಿಲ್ಲ.

ಅದಕ್ಕೆ ಪ್ರತಿ ಕಂಬದ ಜಾಗದಲ್ಲೂ ಬೋರ್ ಹೊಡೆದು ಕಲ್ಲಿನ ಕೋರ್, ಅಂದರೆ ಕೋಲಿನಂಥ ಮಾದರಿ ತುಂಡು, ತೆಗೆಯಬೇಕು. ದೊಡ್ಡ ಕಂಬಕ್ಕೆ ಒಂದು ಬೋರ್ ಸಾಲದು, ನಾಲ್ಕು ಮೂಲೆಗೂ ಬೇಕು. ಕಣಿವೆಯ ಇಳಿಜಾರಿನಲ್ಲಿ ಹತ್ತು ಮೀಟರ್ ಅಂತರದಲ್ಲೇ ಪದರ ಬದಲಾಗುತ್ತದೆ. ಬೋರಿನ ಖರ್ಚು ಉಳಿಸಬೇಡಿ ಅಂತ ನಾನು ಯಾರ ಮುಂದೆ ಬೇಕಾದರೂ ವಾದ ಮಾಡುತ್ತೇನೆ.

"ಘಾಟಿನಲ್ಲಿ ಹಿಂದೆ ಒಂದು ಸೇತುವೆ ಬಿದ್ದಿತ್ತಂತೆ, ನಿಜಾನಾ?"

ನಿಜ. ಭೋರ್ ಘಾಟಿನ ಮೊದಲ ಹಳಿಯ ಮೇಲಿದ್ದ ಮ್ಹೌ-ಕೆ-ಮಲ್ಲಿ ಎಂಬ ಕಲ್ಲಿನ ಸೇತುವೆ 1867ರಲ್ಲಿ ಬಿತ್ತು. ಹಳಿ ಶುರುವಾಗಿ ನಾಲ್ಕೇ ವರ್ಷ. ಕಾರಣ, ಕಲ್ಲುಕಟ್ಟಡದ ಕಳಪೆ ಕೆಲಸ.

"ಇಷ್ಟೆಲ್ಲ ಕಟ್ಟಿದ್ರೆ ಕಾಡು ಉಳಿಯುತ್ತಾ ಅಣ್ಣಾ?"

ಹಾನಿ ಆಗುತ್ತದೆ. ಆಗುವುದಿಲ್ಲ ಎಂದು ಹೇಳುವವರನ್ನು ನಂಬಬೇಡಿ. ಎಲ್ಲಿ ಆಗುತ್ತದೆ ಎನ್ನುವುದನ್ನು ಮಾತ್ರ ಸರಿಯಾಗಿ ತಿಳಿದುಕೊಳ್ಳಬೇಕು. ಕಂಬ ನಿಲ್ಲುವ ಜಾಗ ಸಣ್ಣದು. ಸೇತುವೆಯ ಕೆಳಗೆ ಹಳ್ಳ ಹರಿಯುತ್ತದೆ, ಪ್ರಾಣಿ ಓಡಾಡುತ್ತದೆ. ಮಣ್ಣಿನ ಏರಿ ಹಾಕಿದರೆ ಅದೂ ಇರುವುದಿಲ್ಲ. ನಿಜವಾದ ಗಾಯ ಮಾಡುವುದು ಕಂಬದ ಬುಡಕ್ಕೆ ಲಾರಿ ಇಳಿಸಲು ಕಡಿಯುವ ದಾರಿ, ಮತ್ತು ಸುರಂಗ ಕೊರೆದ ಕಲ್ಲುಮಣ್ಣನ್ನು ಇಳಿಜಾರಿಗೆ ಸುರಿಯುವುದು. ಆ ದಾರಿ ಮಳೆಗೆ ಕೊಚ್ಚಿ ಹಳ್ಳ ತುಂಬುತ್ತದೆ. ಗಟ್ಟಿ ಕಲ್ಲು ಸಿಕ್ಕರೆ ಅದನ್ನೇ ಜಲ್ಲಿ ಮಾಡಿ ಕಾಂಕ್ರೀಟಿಗೆ ಹಾಕಬಹುದು. ಸಾಮಾನು ಇಳಿಸಲು ದಾರಿಯ ಬದಲು ಕೇಬಲ್ ಕ್ರೇನ್ ಬಳಸಬಹುದು. ಇದನ್ನೆಲ್ಲ ಟೆಂಡರ್ ಬರೆಯುವಾಗಲೇ ಸೇರಿಸಬೇಕು, ಆಮೇಲೆ ಯಾರೂ ಕೇಳುವುದಿಲ್ಲ.

## ಕಟ್ಟುವ ಕೆಲಸ

"ಅಷ್ಟು ಆಳದ ಕಣಿವೆ ಮೇಲೆ ಗರ್ಡರ್ ಹೇಗೆ ಕೂರಿಸ್ತಾರೆ? ಕೆಳಗಿಂದ ಎತ್ತೋಕಾಗುತ್ತಾ?"

ನಮ್ಮ ಮಂಗಳೂರಿನವರು ಇದರ ಉತ್ತರದ ಮೇಲೆಯೇ ಓಡಾಡುತ್ತಾರೆ. ಕೊಂಕಣ ರೈಲ್ವೆಯಲ್ಲಿ ರತ್ನಾಗಿರಿ ಹತ್ತಿರ ಪಾನ್ವಲ್ ನದಿಯ ಸೇತುವೆ ಇದೆ. 424 ಮೀಟರ್ ಉದ್ದ, 64 ಮೀಟರ್ ಎತ್ತರ. ಮತ್ಸ್ಯಗಂಧಾದಲ್ಲಿ ಎಷ್ಟೋ ಜನ ಊಟ ಮಾಡುತ್ತಲೋ, ನಿದ್ದೆಯಲ್ಲೋ ಅದನ್ನು ದಾಟಿರುತ್ತಾರೆ. ಭಾರತದಲ್ಲಿ ಗರ್ಡರನ್ನು ಹಿಂದಿನಿಂದ ನೂಕಿ ಕಣಿವೆ ದಾಟಿಸಿದ್ದು ಅಲ್ಲೇ ಮೊದಲು.

ಕೆಲಸ ಹೀಗೆ. ಕಣಿವೆಯ ಒಂದು ದಡದಲ್ಲಿ, ಸೇತುವೆಯ ತುದಿಯ ಹಿಂದೆ, ಒಂದು ಶೆಡ್ ಹಾಕುತ್ತಾರೆ. ಅಲ್ಲಿ ಗರ್ಡರಿನ ಹದಿನೈದು ಇಪ್ಪತ್ತು ಮೀಟರಿನ ಒಂದು ತುಂಡು ಕಾಂಕ್ರೀಟ್ ಮಾಡುತ್ತಾರೆ. ಗಟ್ಟಿಯಾದ ಮೇಲೆ ಹೈಡ್ರಾಲಿಕ್ ಜಾಕ್ ಹಾಕಿ ಮುಂದೆ ನೂಕುತ್ತಾರೆ. ಖಾಲಿಯಾದ ಜಾಗದಲ್ಲಿ ಮುಂದಿನ ತುಂಡು, ಹಿಂದಿನದಕ್ಕೆ ಬೆಸೆದು. ಮತ್ತೆ ನೂಕು. ಚಕ್ಕುಲಿ ಒರಳಿನಿಂದ ಹಿಟ್ಟು ಬಂದ ಹಾಗೆ ಸೇತುವೆ ದಡದಿಂದ ಹೊರಗೆ ಬರುತ್ತಾ ಹೋಗುತ್ತದೆ. ಮುಂದಿನ ತುದಿಗೆ ಹಗುರವಾದ ಉಕ್ಕಿನ ಮೂಗು ಕಟ್ಟಿರುತ್ತಾರೆ. ಗರ್ಡರಿನ ತುದಿ ಗಾಳಿಯಲ್ಲಿ ತೂಗುತ್ತಿರುವಾಗ ಆ ಮೂಗು ಮೊದಲು ಹೋಗಿ ಮುಂದಿನ ಕಂಬ ಮುಟ್ಟುತ್ತದೆ. ಕಂಬದ ತಲೆಯ ಮೇಲೆ ಟೆಫ್ಲಾನ್ ಹಾಸು. ಅದರ ಮೇಲೆ ನೂರು ಟನ್ ಜಾರಿಸಲು ಐದು ಟನ್ನಿನಷ್ಟು ನೂಕಿದರೆ ಸಾಕು.

ಇದರಲ್ಲಿ ನನಗೆ ತುಂಬಾ ಹಿಡಿಸುವ ಸಂಗತಿ, ಕೆಲಸಗಾರರು ಎತ್ತರದಲ್ಲಿ ತೂಗಾಡಬೇಕಿಲ್ಲ. ಹೆಚ್ಚಿನ ಕೆಲಸ ನೆಲದ ಮೇಲೆ, ಸೂರಿನ ಕೆಳಗೆ. ಮಳೆ ಬಂದರೂ ನಡೆಯುತ್ತದೆ. ಷರತ್ತು ಒಂದೇ. ಸೇತುವೆ ನೇರ ಇರಬೇಕು, ಇಲ್ಲವೇ ಉದ್ದಕ್ಕೂ ಒಂದೇ ತಿರುವಿನಲ್ಲಿರಬೇಕು. ಹೈಸ್ಪೀಡ್ ಮಾರ್ಗ ಹೇಗೂ ಹಾಗೇ ಇರುತ್ತದೆ.

ಕಂಬಗಳ ಅಂತರ ನೂರು ಮೀಟರ್ ದಾಟಿದರೆ ಬೇರೆ ದಾರಿ. ಕಂಬದ ತಲೆಯಿಂದ ಎರಡೂ ಕಡೆಗೆ, ತಕ್ಕಡಿಯ ತೂಕ ತಪ್ಪದ ಹಾಗೆ, ಮೂರು ನಾಲ್ಕು ಮೀಟರಿನ ತುಂಡು ಸೇರಿಸುತ್ತಾ ಹೋಗಿ ನಡುವೆ ಕೂಡಿಸುತ್ತಾರೆ.

"ಟಿವಿಯಲ್ಲಿ 970 ಟನ್ ಗರ್ಡರ್ ಒಂದೇ ಸಲ ಕೂರಿಸೋದು ತೋರಿಸ್ತಾರಲ್ಲ, ಇಲ್ಲೂ ಹಾಗೇ ಮಾಡಬಹುದಲ್ಲ?"

ಗುಜರಾತಿನಲ್ಲಿ ಅದು ಚೆನ್ನಾಗಿ ಕೆಲಸ ಮಾಡಿತು. 40 ಮೀಟರಿನ ಇಡೀ ಗರ್ಡರನ್ನು ಯಾರ್ಡಿನಲ್ಲಿ ಮಾಡಿ, ಈಗಾಗಲೇ ಕಟ್ಟಿದ ಸೇತುವೆಯ ಮೇಲೆಯೇ ಸಾಗಿಸಿ, ಮುಂದಿನ ಜೋಡಿ ಕಂಬದ ಮೇಲೆ ಇಡುತ್ತಾರೆ. ಅದಕ್ಕೆ ದೊಡ್ಡ ಸಮತಟ್ಟು ಯಾರ್ಡ್ ಬೇಕು, ಒಂದೇ ಅಳತೆಯ ನೂರಾರು ಗರ್ಡರ್ ಬೇಕು. ಘಾಟಿನಲ್ಲಿ ಎರಡು ಸುರಂಗಗಳ ನಡುವೆ ಅರ್ಧ ಕಿಲೋಮೀಟರಿನ ಸೇತುವೆಗೆ ಈ ಏರ್ಪಾಡು ಹೊಂದುವುದಿಲ್ಲ. ಆ ಗಾತ್ರದ ಗರ್ಡರ್ ಸುರಂಗದ ಮೂಲಕ ಬರುವುದೂ ಇಲ್ಲ.

"ಅಷ್ಟೆತ್ತರದ ಕಂಬ ಪೂರ್ತಿ ಕಾಂಕ್ರೀಟಾ?"

ಇಲ್ಲ, ಒಳಗೆ ಟೊಳ್ಳು. ಬಿದಿರಿನ ಹಾಗೆ. ಮಧ್ಯದ ಕಾಂಕ್ರೀಟ್ ಬಿಗಿತಕ್ಕೆ ಹೆಚ್ಚು ಸಹಾಯ ಮಾಡುವುದಿಲ್ಲ, ಬುನಾದಿಗೆ ಭಾರ ಮಾತ್ರ. ಶಟರಿಂಗ್ ಅನ್ನು ಕಂಬಕ್ಕೇ ಕಚ್ಚಿಸಿ, ನಾಲ್ಕೈದು ಮೀಟರ್ ಕಾಂಕ್ರೀಟ್ ಹಾಕಿ, ಗಟ್ಟಿಯಾದ ಮೇಲೆ ಶಟರಿಂಗ್ ತಾನೇ ಮೇಲೇರುವಂತೆ ಮಾಡುತ್ತಾರೆ. ಕಂಬದ ಒಳಗೆ ಏಣಿ ಇಡುತ್ತಾರೆ, ಮುಂದೆ ತಪಾಸಣೆಗೆ ಅದೇ ದಾರಿ.

"ಮಳೆಗಾಲದಲ್ಲಿ ಕೆಲಸ ನಿಲ್ಲುತ್ತಾ?"

ಬುನಾದಿ ಕೆಲಸ ಮಟ್ಟಿಗೆ, ಹೌದು. ಲೋಣಾವಳಾ ಕಡೆ ವರ್ಷಕ್ಕೆ 4,000 ಮಿ.ಮೀ. ಮೀರಿ ಮಳೆ ಸುರಿಯುವುದುಂಟು. ತೋಡಿದ ಗುಂಡಿ ತೆರೆದಿಟ್ಟು ಜೂನ್‌ಗೆ ಕಾಲಿಡಬಾರದು. ಮೇ ಮುಗಿಯುವ ಒಳಗೆ ಬುನಾದಿ ನೆಲಮಟ್ಟಕ್ಕೆ ಬಂದರೆ ಮೇಲಿನ ಕೆಲಸ ಹೇಗೋ ಸಾಗುತ್ತದೆ.

## ಒಳಗಿನ ಲೆಕ್ಕ

"ರೆಸೊನೆನ್ಸ್ ಅಂತ ಕಾಲೇಜಿನಲ್ಲಿ ಹೇಳ್ತಾರೆ. ಸೇತುವೆಗೆ ಅದು ನಿಜವಾಗಿ ಆಗುತ್ತಾ?"

ಆಗುತ್ತದೆ. ಪಂಚಮಿಯ ಜೋಕಾಲಿ ನೆನಪಿಸಿಕೊಳ್ಳಿ. ಜೋರಾಗಿ ನೂಕಬೇಕಿಲ್ಲ. ಅದು ಹಿಂದೆ ಬಂದ ಹೊತ್ತಿಗೇ ಸರಿಯಾಗಿ ಮೆಲ್ಲಗೆ ನೂಕಿದರೆ ಸಾಕು, ಪ್ರತಿ ಸಲ ಎತ್ತರ ಏರುತ್ತದೆ.

ಗಂಟೆಗೆ 320 ಕಿ.ಮೀ. ಅಂದರೆ ಸೆಕೆಂಡಿಗೆ 89 ಮೀಟರ್. ಜಪಾನಿನ ಬುಲೆಟ್ ರೈಲು ಶಿಂಕಾನ್ಸೆನ್‌ನ ಬೋಗಿಯ ಉದ್ದ 25 ಮೀಟರ್. 89ನ್ನು 25ರಿಂದ ಭಾಗಿಸಿದರೆ ಸುಮಾರು 3.6. ಅಂದರೆ ಸೇತುವೆಗೆ ಸೆಕೆಂಡಿಗೆ 3.6 ಸಲ ಒಂದೇ ತಾಳದಲ್ಲಿ ಏಟು. ಸೇತುವೆಯ ಸ್ವಂತ ಕಂಪನವೂ ಅದೇ ತಾಳದಲ್ಲಿದ್ದರೆ ಪ್ರತಿ ಬೋಗಿಯೂ ಜೋಕಾಲಿ ನೂಕಿದಂತೆ. ಹತ್ತನೇ ಬೋಗಿ ದಾಟುವ ಹೊತ್ತಿಗೆ ಅಲುಗಾಟ ತುಂಬಾ ಬೆಳೆದಿರುತ್ತದೆ.

ಕಾಂಕ್ರೀಟ್ ಜಾಸ್ತಿ ಸುರಿದರೆ ಆಯ್ತಲ್ಲ ಅಂತ ಹುಡುಗರು ಕೇಳುತ್ತಾರೆ. ಸುಮ್ನೆ ತೂಕ ಹೆಚ್ಚಿಸಿದರೆ ತಾಳ ನಿಧಾನವಾಗುತ್ತದೆ, ಅಪಾಯ ಹತ್ತಿರ ಬರಲೂಬಹುದು. ಗರ್ಡರಿನ ಆಳ ಹೆಚ್ಚಿಸಬೇಕು, ಅಥವಾ ಕಂಬಗಳ ಅಂತರ ಬದಲಿಸಬೇಕು, ಅಥವಾ ಗರ್ಡರನ್ನು ಹಲವು ಕಂಬಗಳ ಮೇಲೆ ತುಂಡಾಗದಂತೆ ಹಾಯಿಸಬೇಕು. ಪರೀಕ್ಷೆಯೂ ಒಂದೇ ವೇಗಕ್ಕಲ್ಲ. ಯುರೋಪಿನ ನಿಯಮದಂತೆ ಮಾರ್ಗದ ಗರಿಷ್ಠ ವೇಗದ 1.2 ಪಟ್ಟಿನವರೆಗೆ, ನಡುವಿನ ಎಲ್ಲ ವೇಗಕ್ಕೂ ಲೆಕ್ಕ ಮಾಡಬೇಕು. ರೈಲು ನಿಧಾನವಾಗುವಾಗಲೂ ಅಪಾಯದ ತಾಳವನ್ನು ಹಾಯ್ದೇ ಬರಬಹುದಲ್ಲ.

"ಹಳಿ ಕೆಳಗೆ ಜಲ್ಲಿ ಯಾಕೆ ಹಾಕಲ್ಲ? ನಮ್ಮ ಹಳಿಗಳೆಲ್ಲ ಜಲ್ಲಿ ಮೇಲೇ ಇವೆಯಲ್ಲ?"

ಇದಕ್ಕೊಂದು ಪಾಠದ ಕಥೆ ಇದೆ. ಫ್ರಾನ್ಸ್‌ನಲ್ಲಿ 1981ರಲ್ಲಿ ಪ್ಯಾರಿಸ್–ಲಿಯಾನ್ ಹೈಸ್ಪೀಡ್ ಮಾರ್ಗ ಶುರುವಾಯಿತು. ಕೆಲವು ಸಣ್ಣ ಸೇತುವೆಗಳ ಮೇಲೆ ಜಲ್ಲಿ ತನ್ನ ಹಿಡಿತ ಬಿಡತೊಡಗಿತು. ಸೇತುವೆ ಮುರಿದಿರಲಿಲ್ಲ, ಬಿರುಕೂ ಬಿಟ್ಟಿರಲಿಲ್ಲ. ಆದರೆ ಕಂಪನ ಜಾಸ್ತಿಯಾಗಿ ಕಲ್ಲುಗಳು ಒಂದಕ್ಕೊಂದು ಕಚ್ಚಿಕೊಳ್ಳುವುದನ್ನು ಬಿಟ್ಟು ಹರಿಯುವ ಹಾಗೆ ಆಗಿದ್ದವು. ಆಮೇಲೆ ಪ್ರಯೋಗಶಾಲೆಯಲ್ಲಿ ಅಲುಗಾಡಿಸಿ ನೋಡಿದರು. ಸೇತುವೆಯ ಕಂಪನದ ವೇಗೋತ್ಕರ್ಷ ಗುರುತ್ವದ 0.7 ಪಟ್ಟು ಮುಟ್ಟಿದರೆ ಜಲ್ಲಿ ಸಡಿಲವಾಗುತ್ತದೆ ಅಂತ ತಿಳಿಯಿತು. ಅದರ ಅರ್ಧಕ್ಕೆ ಗಡಿ ಹಾಕಿದರು. ಹಾಗಾಗಿ ಯುರೋಪಿನ ನಿಯಮದಲ್ಲಿ ಜಲ್ಲಿ ಇರುವ ಸೇತುವೆಗೆ 3.5 ಮೀ/ಸೆ², ಜಲ್ಲಿ ಇಲ್ಲದ್ದಕ್ಕೆ 5 ಮೀ/ಸೆ².

ಜಪಾನಿನ ಪದ್ಧತಿಯಲ್ಲಿ ಜಲ್ಲಿ ಬದಲು ಕಾಂಕ್ರೀಟ್ ಹಲಗೆಯ ಮೇಲೆ ಹಳಿ ಕೂರಿಸುತ್ತಾರೆ, ಅಹಮದಾಬಾದ್ ಮಾರ್ಗದಲ್ಲೂ ಅದೇ. ದುರಸ್ತಿ ಕಡಿಮೆ. ಆದರೆ ಒಮ್ಮೆ ಕೂರಿಸಿದ ಮೇಲೆ ಹಳಿಯನ್ನು ಸರಿಮಾಡಲು ಸಿಗುವ ಜಾಗ ತೀರಾ ಕಡಿಮೆ. ಗರ್ಡರ್ ಕಟ್ಟಿದ ಮೇಲೂ ಕಾಂಕ್ರೀಟ್ ತಿಂಗಳುಗಟ್ಟಲೆ ಕುಗ್ಗುತ್ತದೆ, ಬಾಗುತ್ತದೆ. ಆ ಚಲನೆ ಬಹುಪಾಲು ಮುಗಿಯುವ ತನಕ ಹಲಗೆ ಹಾಕಲು ಆತುರ ಮಾಡಬಾರದು.

"ಬಿಸಿಲಿಗೆ ಸೇತುವೆ ಉದ್ದ ಆಗುತ್ತಲ್ಲ, ರೈಲು ಬ್ರೇಕ್ ಹಾಕಿದ್ರೆ ಕಂಬ ಅಲ್ಲಾಡಲ್ವಾ?"

ಎರಡನ್ನೂ ಒಟ್ಟಿಗೆ ಕೇಳಿದ್ದು ಒಳ್ಳೆಯದಾಯಿತು. ಇವೆರಡಕ್ಕೂ ಒಂದಕ್ಕೊಂದು ಜಗಳ. 600 ಮೀಟರಿನ ಕಾಂಕ್ರೀಟ್ ಸೇತುವೆ 30 ಡಿಗ್ರಿ ಬಿಸಿಯಾದರೆ ಸುಮಾರು 18 ಸೆಂಟಿಮೀಟರ್ ಹಿಗ್ಗುತ್ತದೆ. ಹಿಗ್ಗಲು ಬಿಡಬೇಕಾದರೆ ಗರ್ಡರ್ ಕಂಬದ ಮೇಲೆ ಜಾರುವಂತಿರಬೇಕು. ಬ್ರೇಕಿನ ಬಲ ತಡೆಯಬೇಕಾದರೆ ಎಲ್ಲೋ ಒಂದು ಕಡೆ ಗಟ್ಟಿಯಾಗಿ ಹಿಡಿದಿರಬೇಕು. ಯುರೋಪಿನ ನಿಯಮದಲ್ಲಿ ಬ್ರೇಕಿನ ಬಲ 6,000 ಕಿಲೋನ್ಯೂಟನ್‌ವರೆಗೆ ಹಿಡಿಯುತ್ತಾರೆ. ಸುಮಾರು 600 ಟನ್ ತೂಕದಷ್ಟು ಬಲ, ಅದೂ ರೈಲು ಓಡುವ ದಿಕ್ಕಿಗೆ, ಕಂಬದ ತಲೆಯ ಮೇಲೆ. ಎತ್ತರದ ಕಂಬ ಇದಕ್ಕೆ ಮಣಿಯುತ್ತದೆ.

ಉಪಾಯ, ಹಿಡಿಯುವ ಜಾಗವನ್ನು ಸರಿಯಾಗಿ ಆರಿಸುವುದು. ಕಮಾನಿದ್ದರೆ ಅದರ ನೆತ್ತಿ ಒಳ್ಳೆಯ ಜಾಗ, ಅದು ಬಿಗಿ. ಇಲ್ಲದಿದ್ದರೆ ಸೇತುವೆಯ ತುದಿ ಹೊರುವ ಕಟ್ಟೆ, ಅಂದರೆ ದಡದ ಅಬಟ್‌ಮೆಂಟ್. ನಡುವೆ ಹಿಡಿದರೆ ಎರಡೂ ತುದಿಗೆ ಒಂಬತ್ತೊಂಬತ್ತು ಸೆಂಟಿಮೀಟರ್ ಹಿಗ್ಗು ಹಂಚಿಹೋಗುತ್ತದೆ. ಅಬಟ್‌ಮೆಂಟಿನಲ್ಲಿ ಹಿಡಿದರೆ ಹದಿನೆಂಟೂ ಒಂದೇ ತುದಿಗೆ, ಅಲ್ಲಿ ಹಳಿಗೆ ದೊಡ್ಡ ಎಕ್ಸ್‌ಪಾನ್ಶನ್ ಜಾಯಿಂಟ್ ಬೇಕು. ಆ ಜಾಯಿಂಟ್ ಆಮೇಲೆ ವರ್ಷವಿಡೀ ನೋಡಿಕೊಳ್ಳಬೇಕಾದ ಕೂಸು.

"ಭೂಕಂಪ, ಬಿರುಗಾಳಿ ಬಂದ್ರೆ ರೈಲು ಸೇತುವೆ ಮೇಲಿದ್ರೆ ಏನು ಗತಿ?"

1967ರ ಕೊಯ್ನಾ ಭೂಕಂಪ ನೆನಪಿರುವ ಹಿರಿಯರು ಇದನ್ನು ಕೇಳುತ್ತಾರೆ. ಭೂಕಂಪದಲ್ಲಿ ಮೊದಲು ಬರುವ ಅಲೆ ವೇಗದ್ದು, ಆದರೆ ಸೌಮ್ಯ. ಹಾನಿ ಮಾಡುವ ಅಲೆ ಅದರ ಹಿಂದೆ ಬರುತ್ತದೆ. ನಡುವಿನ ಕೆಲವು ಸೆಕೆಂಡುಗಳಲ್ಲಿ ವಿದ್ಯುತ್ ಕಡಿದು ರೈಲಿಗೆ ತಾನಾಗಿ ಬ್ರೇಕ್ ಹಾಕಿಸುತ್ತಾರೆ. ಅಹಮದಾಬಾದ್ ಮಾರ್ಗಕ್ಕೆ ಇಂಥ 28 ಕಂಪನಮಾಪಕಗಳ ಯೋಜನೆ ಇದೆ. 22 ಹಳಿಯ ಬದಿಗೆ, 6 ದೂರದ ಭೂಕಂಪ ಸೂಕ್ಷ್ಮ ಜಾಗಗಳಲ್ಲಿ. ರತ್ನಾಗಿರಿ, ಲಾತೂರ್ ಆ ಪಟ್ಟಿಯಲ್ಲಿವೆ. ಕಂಬಗಳನ್ನಂತೂ ಭೂಕಂಪಕ್ಕೆ ಲೆಕ್ಕ ಹಾಕಿಯೇ ಕಟ್ಟುತ್ತಾರೆ.

ಗಾಳಿಗೆ ಸೇತುವೆ ಮೇಲೆ ಗಾಳಿಮಾಪಕ ಇರುತ್ತದೆ. ಗಾಳಿ ಏರಿದಂತೆ ರೈಲಿನ ವೇಗ ಇಳಿಸುತ್ತಾರೆ. ಸುರಂಗದಿಂದ ಹೊರಬಂದ ಕೂಡಲೇ ಅಡ್ಡಗಾಳಿ ಬಡಿಯುವ ಕಡೆ ಬದಿಗೆ ತಡೆಗೋಡೆ ಬೇಕು. ನನ್ನ ಅನುಭವದಲ್ಲಿ ಘಾಟಿನ ಕಣಿವೆಗಳಲ್ಲಿ ಈ ಜಾಗಗಳೇ ಹೆಚ್ಚು ಸೂಕ್ಷ್ಮ.

"ನೂರು ವರ್ಷ ಬಾಳುತ್ತೆ ಅಂತೀರಿ. ಆ ಎತ್ತರದಲ್ಲಿ ರಿಪೇರಿ ಮಾಡೋದು ಹೇಗೆ?"

ವಿನ್ಯಾಸದ ಆಯುಸ್ಸು 100 ವರ್ಷ. ಆದರೆ ಗರ್ಡರ್ ಮತ್ತು ಕಂಬದ ನಡುವೆ ಕೂರುವ ಬೇರಿಂಗುಗಳು ಅಷ್ಟು ಬಾಳುವುದಿಲ್ಲ, ಒಂದೆರಡು ಸಲ ಬದಲಿಸಬೇಕು. ಅದಕ್ಕೆ ಗರ್ಡರನ್ನು ಕೆಲವು ಮಿಲಿಮೀಟರ್ ಎತ್ತಬೇಕು. ಎತ್ತುವ ಜಾಕ್ ಇಡಲು ಕಂಬದ ತಲೆಯ ಮೇಲೆ ಜಾಗ, ಅಲ್ಲಿಗೆ ಹೋಗಲು ಪೆಟ್ಟಿಗೆಯಂತೆ ಟೊಳ್ಳಾದ ಬಾಕ್ಸ್ ಗರ್ಡರಿನ ಒಳಗೆ ದಾರಿ, ಎರಡೂ ಮೊದಲೇ ನಕ್ಷೆಯಲ್ಲಿರಬೇಕು.

ಜರ್ಮನಿಯವರು ಇನ್ನೂ ಮುಂದೆ ಯೋಚಿಸಿದರು. 1991ರಲ್ಲಿ ಪೂರ್ತಿ ತೆರೆದ ಹ್ಯಾನೋವರ್–ವೂರ್ಟ್ಸ್‌ಬರ್ಗ್ ಮಾರ್ಗದ ಕಣಿವೆ ಸೇತುವೆಗಳಲ್ಲಿ ಕಂಬದಿಂದ ಕಂಬಕ್ಕೆ ಬಿಡಿ ಬಿಡಿ ಗರ್ಡರ್ ಇಟ್ಟರು. 44 ಮೀಟರ್, 58 ಮೀಟರ್ ಎಂಬ ಎರಡು ಅಳತೆಗಳನ್ನು ಹೆಚ್ಚಾಗಿ ಬಳಸಿದರು. ಮುಂದೊಂದು ದಿನ ಒಂದು ಗರ್ಡರ್ ಕೆಟ್ಟರೆ ಅದೊಂದನ್ನೇ ತೆಗೆದು ಬೇರೆ ಇಡಬಹುದು, ಕಂಬಗಳು ಹಾಗೇ ಉಳಿಯುತ್ತವೆ. ತುಂಡಾಗದ ಉದ್ದ ಗರ್ಡರಿಗಿಂತ ಕಾಂಕ್ರೀಟ್ ಜಾಸ್ತಿ ಹಿಡಿಯಿತು. ಮಳೆ, ಬಿಸಿಲು, ಕೆಂಪು ಮಣ್ಣು ಮೂರೂ ಇರುವ ನಮ್ಮ ಘಾಟಿನ ಸಣ್ಣ ಕಣಿವೆಗಳಿಗೂ ಇದೇ ಲೆಕ್ಕ ಹಿಡಿಯಬೇಕು ಅಂತ ನನ್ನ ಅಭಿಪ್ರಾಯ. ನೂಕಿ ಕೂರಿಸುವ ಉದ್ದ ಗರ್ಡರನ್ನು ದೊಡ್ಡ ಕಣಿವೆಗಳಿಗೆ ಇಟ್ಟುಕೊಳ್ಳಬಹುದು.